ಅಂಡರ್‌ಟೇಕರ್ ಏಳು ಸಲ ಸತ್ತಿದ್ದು ಹೌದಾ? ಕಾರ್ಡಿನ ಡಬ್ಬಿ ಸಿಕ್ಕಿದೆ, ಅವನೊಬ್ಬನೇ ಇಲ್ಲ

ಮುಳುಗಡೆ_ಮಂದಿ (ಬಾಗಲಕೋಟೆ)
ಎಲ್ಲರಿಗೂ ನಮಸ್ಕಾರ. ದೀಪಾವಳಿಗೆ ಸುಣ್ಣ ಬಣ್ಣ ಮಾಡಿಸೋಣ ಅಂತ ಅಟ್ಟ ಖಾಲಿ ಮಾಡುತ್ತಿದ್ದೆ. ಒಂದು ಬಿಸ್ಕಿಟ್ ಡಬ್ಬಿ ಸಿಕ್ಕಿತು. ಹಳೇ ಬಾಗಲಕೋಟೆಯ ಮನೆ ಮುಳುಗಡೆಗೆ ಹೋದಾಗ ಕಟ್ಟಿ ತಂದಿದ್ದು. ನವನಗರಕ್ಕೆ ಬಂದ ಮೇಲೆ ಯಾರೂ ಬಿಚ್ಚೇ ಇಲ್ಲ. ಒಳಗೆ ನನ್ನ ಡಬ್ಲ್ಯುಡಬ್ಲ್ಯುಎಫ್ ಟ್ರಂಪ್ ಕಾರ್ಡು, ಟಿವಿಯಲ್ಲಿ ಬರುತ್ತಿದ್ದ ಅಮೆರಿಕದ ಕುಸ್ತಿಯವರ ಚಿತ್ರ ಇರುವಂಥವು! ರಬ್ಬರ್ ಬ್ಯಾಂಡ್ ಕರಗಿ ಮೇಲಿನ ಕಾರ್ಡಿಗೆ ಅಂಟಿಕೊಂಡಿದೆ. ಬ್ರೆಟ್ ಹಾರ್ಟ್ ಇದ್ದಾನೆ. ಯೊಕೊಜುನಾ ಇಬ್ಬರು ಇದ್ದಾರೆ. ಜೈಂಟ್ ಗೊಂಜಾಲೆಸ್ ಇದ್ದಾನೆ, ಆದರೆ ಅವನ ಒಂದು ಮೂಲೆ ಇಲಿ ತಿಂದಿದೆ. ಅಂಡರ್‌ಟೇಕರ್ ಮಾತ್ರ ಇಲ್ಲ.

ಮಗನಿಗೆ ಒಂಬತ್ತು ವರ್ಷ. "ಅವನು ಯಾರಪ್ಪಾ?" ಅಂತ ಕೇಳಿದ. ನಾನು ಗತ್ತಿನಲ್ಲಿ "ಏಳು ಸಲ ಸತ್ತು ಎದ್ದು ಬಂದವನು" ಎಂದೆ. ಅವನು ಅವ್ವನ ಫೋನಿನಲ್ಲಿ ಹುಡುಕಿ ಎರಡೇ ನಿಮಿಷದಲ್ಲಿ ಬಂದ. "ಅಪ್ಪಾ, ಅವನು ಒಂದು ಸಲಾನೂ ಸತ್ತಿಲ್ಲ. ಟೆಕ್ಸಾಸ್‌ನಲ್ಲಿ ಆರಾಮ ಇದ್ದಾನೆ." ಮನೆಯಾಕೆ ಇನ್ನೂ ನಗುತ್ತಿದ್ದಾಳೆ.

ಈ ಏಳು ಸಲದ ಕಥೆ ಎಲ್ಲಿಂದ ಬಂತು? ನಿಮ್ಮ ಕಡೆಯೂ ಇತ್ತಾ, ಇಲ್ಲಾ ನಮ್ಮ ಓಣಿಯವರಷ್ಟೇ ಮೋಸ ಹೋದೆವಾ?

ಕುಂದಾ_ಕಿಂಗ್ (ಬೆಳಗಾವಿ)
ನಮ್ಮ ಶಹಾಪುರದಲ್ಲಿ ಒಂಬತ್ತು ಸಲ ಸತ್ತಿದ್ದ. ನೀವು ಎರಡು ಕಡಿಮೆ ಹೇಳಿದ್ದೀರಿ.

ಗುಮ್ಮಟದ_ಗುಬ್ಬಿ (ವಿಜಯಪುರ)
ಏಳೇ ರೀ. ಗೋಳಗುಮ್ಮಟದಲ್ಲಿ ಒಮ್ಮೆ ಕೂಗಿದರೆ ಏಳು ಸಲ ಕೇಳುತ್ತದೆ ಅಂತ ಗೈಡ್ ಹೇಳುತ್ತಾನಲ್ಲ, ಹಾಗೆ. ಸತ್ತಿದ್ದು ಒಮ್ಮೆ, ನಮಗೆ ಕೇಳಿದ್ದು ಏಳು ಸಲ.

ಹಳೇ_ಕೇಬಲ್ (ಬೆಳಗಾವಿ)
ಇದಕ್ಕೆ ನಾನೇ ಉತ್ತರ ಕೊಡಬೇಕು. 90ರ ದಶಕದಲ್ಲಿ ಕೇಬಲ್ ಆಪರೇಟರ್ ಹತ್ತಿರ ವೈರ್ ಎಳೆಯುವ ಹುಡುಗ ನಾನು. ಬೇರೆ ಚಾನೆಲ್ ಹೋದರೆ ಜನ ಮರುದಿನ ಫೋನ್ ಮಾಡುತ್ತಿದ್ದರು. ಕುಸ್ತಿ ಚಾನೆಲ್ ಹೋದರೆ ಹುಡುಗರು ಸೈಕಲ್ ಹತ್ತಿ ಅಂಗಡಿಗೇ ಬರುತ್ತಿದ್ದರು.

ಅವನ ನಿಜ ಹೆಸರು ಮಾರ್ಕ್ ಕ್ಯಾಲವೇ. ಹುಟ್ಟಿದ್ದು 1965ರ ಮಾರ್ಚ್ 24, ಟೆಕ್ಸಾಸ್‌ನ ಹ್ಯೂಸ್ಟನ್. ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ಆಡಿದವನು. ಡಬ್ಲ್ಯುಡಬ್ಲ್ಯುಎಫ್‌ಗೆ ಬಂದಿದ್ದು 1990ರ ನವೆಂಬರ್ 22, ಸರ್ವೈವರ್ ಸೀರೀಸ್ ಎಂಬ ಅವರ ದೊಡ್ಡ ಶೋನಲ್ಲಿ. ಕರಿ ಟೋಪಿ, ಕರಿ ಕೋಟು, ಬೂದು ಬಣ್ಣದ ಗ್ಲೌಸು. ಸರಿಯಾಗಿ ಒಂದು ವರ್ಷ ಐದು ದಿನಕ್ಕೆ ಹಲ್ಕ್ ಹೋಗನ್‌ನನ್ನೇ ಕೆಡವಿ ಬೆಲ್ಟ್ ಕಟ್ಟಿಕೊಂಡ. ಆಗ ಹೋಗನ್ ಅಂದರೆ ಏನು ಅಂತ ಈಗಿನವರಿಗೆ ಹೇಳಿದರೂ ಗೊತ್ತಾಗಲ್ಲ.

ಈಗ ಸಾವಿನ ಲೆಕ್ಕ.

ಮೊದಲನೇದು 1994ರ ಜನವರಿ, ರಾಯಲ್ ರಂಬಲ್. ಯೊಕೊಜುನಾ ಜೊತೆ ಶವಪೆಟ್ಟಿಗೆ ಪಂದ್ಯ. ಎದುರಾಳಿಯನ್ನು ಪೆಟ್ಟಿಗೆಯಲ್ಲಿ ಹಾಕಿ ಮುಚ್ಚಿದವನು ಗೆದ್ದ ಹಾಗೆ. ಒಬ್ಬನ ಕೈಲಿ ಆಗಲ್ಲ ಅಂತ ಒಂದು ದಂಡೇ ಬಂದು ತುಂಬಿತು. ಆಮೇಲೆ ಪೆಟ್ಟಿಗೆಯಿಂದ ಹೊಗೆ, ಪರದೆ ಮೇಲೆ ಇವನ ಮುಖ, ಕೊನೆಗೆ ಇವನ ಆಕಾರವೇ ಮೇಲಕ್ಕೆ ಏರಿ ಹೋಯಿತು. ನಿಜ ಏನಂದರೆ ಬೆನ್ನು ನೋವು, ಕೆಲವು ತಿಂಗಳು ರಜೆ ಬೇಕಿತ್ತು. ಎಂಥಾ ರಜಾ ಚೀಟಿ ನೋಡಿ!

ಎರಡನೇದು 1996ರ ಅಕ್ಟೋಬರ್. ಮ್ಯಾನ್‌ಕೈಂಡ್ ಜೊತೆ ಜೀವಂತ ಹೂಳುವ ಪಂದ್ಯ. ಗೆದ್ದವನು ಇವನೇ, ಹೂತಿದ್ದೂ ಇವನನ್ನೇ. ಕೊನೆಗೆ ಮಣ್ಣಿನೊಳಗಿಂದ ಒಂದು ಕೈ ಮೇಲೆ ಬಂತು. ಆ ರಾತ್ರಿ ನಮ್ಮ ಓಣಿಯಲ್ಲಿ ಒಬ್ಬನೂ ಒಬ್ಬಂಟಿ ಹಿತ್ತಲಿಗೆ ಹೋಗಲಿಲ್ಲ.

ಮೂರನೇದು 1998ರ ಜನವರಿ. ಕಥೆಯಲ್ಲಿ ಇವನ ತಮ್ಮನಾದ ಕೇನ್ ಪೆಟ್ಟಿಗೆಗೆ ಬೀಗ ಹಾಕಿ ಬೆಂಕಿ ಇಟ್ಟ. ನಾಲ್ಕನೇದು 2003ರ ನವೆಂಬರ್, ಕಂಪನಿ ಮಾಲೀಕ ವಿನ್ಸ್ ಮ್ಯಾಕ್‌ಮಹನ್ ಮಣ್ಣು ಸುರಿಸಿದ. 2004ರ ಮಾರ್ಚ್‌ನಲ್ಲಿ ವಾಪಸ್ ಬಂದ.

ನನಗೆ ಸಿಗುವ ಲೆಕ್ಕ ನಾಲ್ಕು. ಉಳಿದ ಮೂರು ನಮ್ಮ ಹುಡುಗರ ಕೊಡುಗೆ.

ರಿಮೋಟ್_ರಾಯ (ಜಮಖಂಡಿ)
ಅಣ್ಣಾ, 2010ರ ಅಕ್ಟೋಬರ್ ಬಿಟ್ಟಿರಿ. ಆಗಲೂ ಕೇನ್ ಹೂತಿದ್ದ. ಐದು ಮಾಡಿ.

ಹಳೇ_ಕೇಬಲ್ (ಬೆಳಗಾವಿ)
ಹೌದಪ್ಪಾ, ಒಪ್ಪಿದೆ. ಅಷ್ಟೊತ್ತಿಗೆ ನಾನು ಕೇಬಲ್ ಬಿಟ್ಟು ಮೊಬೈಲ್ ಅಂಗಡಿ ಇಟ್ಟಿದ್ದೆ.

ಕರದಂಟು (ಗೋಕಾಕ)
ಹಳೇ ಅಂಡರ್‌ಟೇಕರ್ ನಿಜವಾಗಿಯೂ ಸತ್ತ, ಅವನ ತಮ್ಮನನ್ನು ತಂದು ನಿಲ್ಲಿಸಿದರು ಅಂತ ನಮ್ಮ ಮಾವ ಈಗಲೂ ಆಣೆ ಮಾಡಿ ಹೇಳುತ್ತಾರೆ. ಹಿಂದಿ ಸಿನಿಮಾದಲ್ಲಿ ಅಕ್ಷಯ್ ಕುಮಾರ್ ಎತ್ತಿ ಒಗೆದವನೇ ಅಸಲಿ ಅಂತೆ.

ರಿಮೋಟ್_ರಾಯ (ಜಮಖಂಡಿ)
ನಿಮ್ಮ ಮಾವ ಪೂರ್ತಿ ಉಲ್ಟಾ ಹಿಡಿದಿದ್ದಾರೆ. ಅಕ್ಷಯ್ ಕುಮಾರ್ ಎತ್ತಿದವನೇ ನಕಲಿ!

1994ರಲ್ಲಿ ಅಸಲಿ ರಜೆಯಲ್ಲಿದ್ದ. ಆಗ ಅದೇ ಕಂಪನಿಯ ಟೆಡ್ ಡಿಬಿಯಾಸಿ ಎಂಬವನು ಇನ್ನೊಬ್ಬನನ್ನು ಅದೇ ಕೋಟು ಟೋಪಿ ಹಾಕಿಸಿ ಕರೆತಂದ. ಅವನು ಬ್ರಯಾನ್ ಲೀ. ಆಗಸ್ಟ್ 29ಕ್ಕೆ ಶಿಕಾಗೋದಲ್ಲಿ, ಸಮ್ಮರ್‌ಸ್ಲ್ಯಾಮ್‌ನಲ್ಲಿ ಅಸಲಿ ಬಂದು ನಕಲಿಯನ್ನು ಕೆಡವಿ ಪೆಟ್ಟಿಗೆಗೆ ಹಾಕಿದ. 1996ರ ಆ ಖಿಲಾಡಿ ಸಿನಿಮಾದಲ್ಲಿ ಅಂಡರ್‌ಟೇಕರ್ ಆಗಿದ್ದವನು ಇದೇ ಬ್ರಯಾನ್ ಲೀ. ಟಿವಿಯಲ್ಲಿ ಒಂದು ಮುಖ, ಟಾಕೀಸಿನಲ್ಲಿ ಇನ್ನೊಂದು. ನಮ್ಮ ಹುಡುಗರು ತಲೆ ಓಡಿಸಿ "ಮೊದಲಿನವನು ಸತ್ತ" ಅಂತ ತೀರ್ಮಾನಕ್ಕೆ ಬಂದರು. ತಪ್ಪು ಅವರದಲ್ಲ. ಆಗ ಕೇಳುವುದಾದರೂ ಯಾರನ್ನ?

ಕರದಂಟು (ಗೋಕಾಕ)
ಮಾವನಿಗೆ ಓದಿ ಹೇಳಿದೆ. "ಆ ರಿಮೋಟ್‌ನವನು ಎಷ್ಟನೇ ಇಸ್ವಿಯಲ್ಲಿ ಹುಟ್ಟಿದವ?" ಅಂತ ಕೇಳಿದರು. ಫೋನ್ ವಾಪಸ್ ಕೊಟ್ಟರು.

ಕೆಂಪುಮಣ್ಣು (ಬೆಳಗಾವಿ ತಾಲ್ಲೂಕು)
ಇಷ್ಟು ಹೊತ್ತು ಸುಮ್ನೆ ಓದಿದೆ. ಯಾರಿಗೂ ಬೇಜಾರಾಗಬಾರದು, ಆದರೆ ಅದನ್ನು ಕುಸ್ತಿ ಅಂತ ಮಾತ್ರ ಕರೆಯಬೇಡಿ. ನಾನು ಹನ್ನೊಂದು ವರ್ಷ ಗರಡಿಮನೆಯಲ್ಲಿ ಬೆಳೆದವನು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಸಾಮು. ಮೊದಲು ಸಲಿಕೆಯಿಂದ ಕಣದ ಮಣ್ಣು ಅಗೆದು ತಿರುವಬೇಕು. ಆ ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆರಸ ಬಿದ್ದಿರುತ್ತದೆ. ಮೈಗೆ ಮೆತ್ತಿದರೆ ತಂಪು, ಗಾಯಕ್ಕೆ ಔಷಧಿ. ಆನಂದವಾಡಿ ಅಖಾಡದಲ್ಲಿ ಜೋಡಿ ಹಿಡಿದು ಇಳಿದರೆ ಎದುರಿನವನ ಬೆನ್ನು ಮಣ್ಣಿಗೆ ಹತ್ತಬೇಕು. ಅದು ನಿಕಾಲಿ ಕುಸ್ತಿ. ಅಲ್ಲಿ ಲೈಟು ಆರಿಸಲ್ಲ, ಗಂಟೆ ಹೊಡೆಯಲ್ಲ, ಹೊಗೆ ಬಿಡಲ್ಲ. ಹಲಗಿ ಬಾರಿಸುತ್ತಾರೆ, ಅಷ್ಟೇ.

ಯಾರು ಗೆಲ್ಲುತ್ತಾನೆ ಅಂತ ಮೊದಲೇ ಬರೆದಿಟ್ಟಿದ್ದಕ್ಕೆ ನಾಟಕ ಅಂತಾರೆ.

ಕುಂದಾ_ಕಿಂಗ್ (ಬೆಳಗಾವಿ)
ಬಂದರು ಪೈಲ್ವಾನರು. ದಾರಿ ಬಿಡಿ.

ನಿವೃತ್ತ_ಮಾಸ್ತರ (ವಿಜಯಪುರ)
ಪೈಲ್ವಾನರೇ, ಇದು ಅಮೆರಿಕದವರು ತಂದ ರೋಗ ಅಂತ ತಿಳಿಯಬೇಡಿ. ನಾವು ಚಿಕ್ಕವರಿದ್ದಾಗ ದಾರಾ ಸಿಂಗ್ ಮತ್ತು ಕಿಂಗ್ ಕಾಂಗ್ ಎಂಬ ಪೈಲ್ವಾನನ ಜೋಡಿಯ ಕಥೆ ಹೇಳದ ಕ್ಷೌರದಂಗಡಿ ಇರಲಿಲ್ಲ. ದಾರಾ ಸಿಂಗ್ 1968ರಲ್ಲಿ ಮುಂಬಯಿಯಲ್ಲಿ ಲೂ ಥೆಜ್ ಎಂಬ ಅಮೆರಿಕದವನನ್ನು ಸೋಲಿಸಿ ವಿಶ್ವ ಚಾಂಪಿಯನ್ ಎನಿಸಿಕೊಂಡರು. ಅದೂ ಇದೇ ಜಾತಿಯ ಟಿಕೆಟ್ ಕುಸ್ತಿಯೇ. ಮುಂದೆ ಟಿವಿಯಲ್ಲಿ ಅವರೇ ಹನುಮಂತ ಆದಾಗ ನಮ್ಮ ತಾಯಿ ಕೈ ಮುಗಿದರು. "ನಾಟಕ" ಅಂತ ಯಾರೂ ಅನ್ನಲಿಲ್ಲ.

ಕೆಂಪುಮಣ್ಣು (ಬೆಳಗಾವಿ ತಾಲ್ಲೂಕು)
ದಾರಾ ಸಿಂಗ್ ಮಣ್ಣಿನಲ್ಲಿ ಬೆಳೆದು ಆಮೇಲೆ ಅಲ್ಲಿಗೆ ಹೋದವರು ಮಾಸ್ತರರೇ. ಅದಿರಲಿ. ನೀವು ಹಿರಿಯರು, ನಿಮ್ಮ ಜೊತೆ ವಾದ ಮಾಡಲ್ಲ.

ಇಳಕಲ್_ಅಕ್ಕ (ಇಳಕಲ್)
ಹೆಣ್ಣುಮಕ್ಕಳೂ ನೋಡುತ್ತಿದ್ದೆವು ಅಂತ ದಾಖಲೆಗೆ ಇರಲಿ ಅಂತ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಅಜ್ಜ, ಇಬ್ಬರು ಅಣ್ಣಂದಿರು, ನಾನು. ಅಂಡರ್‌ಟೇಕರ್ ಬರುವಾಗ ಮೊದಲು "ಢಂ" ಅಂತ ಒಂದೇ ಒಂದು ಗಂಟೆ. ಆಮೇಲೆ ಅಲ್ಲಿನ ಲೈಟೆಲ್ಲಾ ಆರುತ್ತಿತ್ತು. ಟಿವಿ ಪೂರ್ತಿ ಕಪ್ಪು. ಅಜ್ಜ ಪ್ರತಿ ಸಲ "ಕರೆಂಟ್ ಹೋತು ನೋಡ್ರಿ, ಚಿಮಣಿ ತರ್ರಿ" ಅಂದು ತಲೆ ಎತ್ತಿ ಫ್ಯಾನ್ ನೋಡುತ್ತಿದ್ದ. ಫ್ಯಾನ್ ತಿರುಗುತ್ತಿತ್ತು. ಪ್ರತಿ ಸಲ! ಫ್ಯಾನ್ ನೋಡಿದ ಮೇಲೆ "ಓ, ಅಂವಾ ಬಂದನೇನು" ಅಂತ ಎಲೆ ಅಡಿಕೆ ಪಕ್ಕಕ್ಕೆ ಇಟ್ಟು ನೆಟ್ಟಗೆ ಕೂರುತ್ತಿದ್ದ. ಬಾಕಿಯವರು ಬಂದಾಗ ಅಜ್ಜ ನೆಟ್ಟಗೆ ಕೂತಿದ್ದನ್ನು ನಾನು ನೋಡಿಲ್ಲ.

ಒಮ್ಮೆ ಖರೇ ಕರೆಂಟ್ ಹೋಯಿತು. ಹತ್ತು ನಿಮಿಷ ನಾವು ನಾಲ್ವರೂ ಕತ್ತಲಲ್ಲಿ ಅವನು ಬರಲಿ ಅಂತ ಕಾದು ಕೂತಿದ್ದೆವು.

ಗುಮ್ಮಟದ_ಗುಬ್ಬಿ (ವಿಜಯಪುರ)
ಅಕ್ಕಾರೇ, ಇದನ್ನು ಓದಿ ಆಫೀಸಿನಲ್ಲಿ ನಕ್ಕುಬಿಟ್ಟೆ. ಸಾಹೇಬರು ತಿರುಗಿ ನೋಡಿದರು.

ಸಾರಥಿ (ಮುಧೋಳ)
ಅಕ್ಕಾರು ಹೇಳಿದ ಆ ಕಪ್ಪು ಪರದೆ ಇದೆಯಲ್ಲ, ವಿಷಯ ಅಲ್ಲೇ ಇದೆ. ನಮ್ಮ ತಂದೆ ದೊಡ್ಡಾಟದಲ್ಲಿ ವೇಷ ಕಟ್ಟುತ್ತಿದ್ದರು. ದೊಡ್ಡ ಪಾತ್ರ ಸುಮ್ಮನೆ ನಡೆದು ಬರಲ್ಲ. ಮೊದಲು ಇಬ್ಬರು ಅಡ್ಡ ಪರದೆ ಹಿಡಿಯುತ್ತಾರೆ. ಹಿಂದಿನಿಂದ ಕಿರೀಟದ ತುದಿ ಅಷ್ಟೇ ಕಾಣಬೇಕು. ಗೆಜ್ಜೆ ಕೇಳಬೇಕು. ಜನ ಕತ್ತು ಚಾಚಬೇಕು. ಪರದೆ ಬೀಳುವಷ್ಟರಲ್ಲಿ ಅರ್ಧ ಆಟ ಗೆದ್ದಾಗಿರುತ್ತದೆ. ಆಮೇಲೆ ಸಾರಥಿ ಮುಂದೆ ಬಂದು "ತಾವು ಯಾರು, ಎಲ್ಲಿಂದ ಬಂದಿರಿ" ಅಂತ ಮಾತಾಡಿಸುತ್ತಾನೆ.

ಅಂಡರ್‌ಟೇಕರ್‌ಗೂ ಸಾರಥಿ ಇದ್ದ. ಕೈಯಲ್ಲಿ ಚಿತಾಭಸ್ಮದ ಬಿಂದಿಗೆ ಹಿಡಿದು ಕೀರಲು ದನಿಯಲ್ಲಿ "ಓಓಓ ಯೆಸ್" ಅನ್ನುವ ಆ ಬಿಳಿ ಮುಖದ ದಪ್ಪ ಮನುಷ್ಯ, ಪಾಲ್ ಬೇರರ್. ನಿಜ ಹೆಸರು ವಿಲಿಯಂ ಮೂಡಿ, 2013ರಲ್ಲಿ ತೀರಿಕೊಂಡರು. ಕುಸ್ತಿಗೆ ಬರುವ ಮೊದಲು ಅವರು ಖರೇ ಖರೇ ಶವ ಸಂಸ್ಕಾರದ ಕೆಲಸದಲ್ಲೇ ಇದ್ದವರು, ಲೈಸೆನ್ಸ್ ಇತ್ತು. ಮಾತೆಲ್ಲಾ ಅವರದು. ಇವನು ಒಂದು ಮಾತಾಡುತ್ತಿರಲಿಲ್ಲ.

ಆಗಿನ ಬಾಕಿ ಪೈಲ್ವಾನರನ್ನು ನೆನಪು ಮಾಡಿಕೊಳ್ಳಿ. ಎಲ್ಲರೂ ಮೈಕ್ ಹಿಡಿದು ಚೀರುವವರೇ. ಅಂಗಿ ಹರಿಯುವುದು, ಓಡಿ ಬರುವುದು, ಹಗ್ಗ ಹಿಡಿದು ಅಲುಗಾಡಿಸುವುದು. ಇವನು ಮೆಲ್ಲಗೆ ನಡೆದ. ಹೆಣದ ಮೆರವಣಿಗೆ ಹೋದ ಹಾಗೆ. ಟೋಪಿ ತೆಗೆಯುವುದಕ್ಕೆ ಅರ್ಧ ನಿಮಿಷ ತೆಗೆದುಕೊಂಡ. ಹೊಡೆತ ತಿಂದು ಬಿದ್ದವನು ನೆಟ್ಟಗೆ ಎದ್ದು ಕೂತ, ಮುಖದಲ್ಲಿ ನೋವೇ ಇಲ್ಲ. ಕಡಿಮೆ ಮಾಡಿ ಜಾಸ್ತಿ ಕಾಣಿಸುವ ವಿದ್ಯೆ ಅದು. ವೇಷದವರ ಮನೆಯಲ್ಲಿ ಹುಟ್ಟಿ ಹೇಳುತ್ತೇನೆ, ಎಲ್ಲಕ್ಕಿಂತ ಕಷ್ಟದ್ದು ಸುಮ್ಮನೆ ನಿಲ್ಲುವುದು.

ಹಳೇ_ಕೇಬಲ್ (ಬೆಳಗಾವಿ)
ಸಾರಥಿಯವರೇ ಭೇಷ್! ಒಂದು ಸೇರಿಸುತ್ತೇನೆ. ವೇಷ ಅವನು ಮನೆಗೆ ಹೋದರೂ ಬಿಚ್ಚಲಿಲ್ಲ. ವರ್ಷಗಟ್ಟಲೆ ಸಂದರ್ಶನ ಇಲ್ಲ, ಹೊರಗೆ ನಗುವುದಿಲ್ಲ. ಮಧ್ಯೆ 2000ದಿಂದ 2003ರವರೆಗೆ ಮಾತ್ರ ಟೋಪಿ ಬಿಟ್ಟು ಮೋಟರ್‌ಸೈಕಲ್ ಹತ್ತಿದ. ನನಗೆ ಅದು ಹಿಡಿಸಲಿಲ್ಲ.

ರಿಮೋಟ್_ರಾಯ (ಜಮಖಂಡಿ)
ನನಗೆ ಹಿಡಿಸಿತ್ತು. ನಾನು ಬುಲೆಟ್ ತೆಗೆದುಕೊಂಡಿದ್ದೇ ಅದಕ್ಕೆ. ಕಂತು ಇನ್ನೂ ಮುಗಿದಿಲ್ಲ.

ಸೀನಾ_ಫ್ಯಾನ್ (ನಿಪ್ಪಾಣಿ)
ಅಂಕಲ್‌ಗಳೇ, ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಶೋ ರೆಸಲ್‌ಮೇನಿಯಾದಲ್ಲಿ ಅಂಡರ್‌ಟೇಕರ್‌ಗೆ 25 ಗೆಲುವು, ಸೋಲೇ ಇಲ್ಲ. ಅದನ್ನು ಹೇಳಿ ಮೊದಲು. ಮತ್ತೆ ಕೇನ್ ಅವನ ಸ್ವಂತ ತಮ್ಮ ಅಲ್ವಾ?

ರಿಮೋಟ್_ರಾಯ (ಜಮಖಂಡಿ)
ತಮ್ಮಾ, ಎರಡೂ ತಪ್ಪು. 25 ಗೆಲುವು ಸರಿ, ಜೊತೆಗೆ 2 ಸೋಲು. ಸೋಲಿಲ್ಲದೆ ಓಡಿದ್ದು 21ರವರೆಗೆ. 2014ರ ಏಪ್ರಿಲ್ 6, ನ್ಯೂ ಆರ್ಲಿಯನ್ಸ್, ಬ್ರಾಕ್ ಲೆಸ್ನರ್ ಆ ಓಟ ಮುರಿದ. 2017ರಲ್ಲಿ ರೋಮನ್ ರೇನ್ಸ್ ಸೋಲಿಸಿದ. ಕೇನ್ ಯಾವ ಸಂಬಂಧಿಯೂ ಅಲ್ಲ. ಅವನ ಹೆಸರು ಗ್ಲೆನ್ ಜೇಕಬ್ಸ್, 2018ರಲ್ಲಿ ಟೆನಿಸ್ಸಿಯ ನಾಕ್ಸ್ ಕೌಂಟಿಗೆ ಮೇಯರ್ ಆದ.

ಕುಂದಾ_ಕಿಂಗ್ (ಬೆಳಗಾವಿ)
ಅಣ್ಣನಿಗೆ ಬೆಂಕಿ ಇಟ್ಟವನು ಮೇಯರ್ ಆದ! ನಮ್ಮ ಕಡೆ ಇದಕ್ಕಿಂತ ಕಡಿಮೆ ಮಾಡಿದವರೂ ಆಗಿದ್ದಾರೆ ಬಿಡಿ.

ಗುಮ್ಮಟದ_ಗುಬ್ಬಿ (ವಿಜಯಪುರ)
ರಾಜಕೀಯ ಬೇಡ ರೀ, ಈ ಚರ್ಚೆ ಬಂದ್ ಆಗುತ್ತೆ.

2014ರ ಆ ದಿನ ನೆನಪಿದೆ. ಭಾರತದಲ್ಲಿ ಸೋಮವಾರ ಬೆಳಿಗ್ಗೆ. ಮೂರನೇ ಸಲ ಎಫ್-5 ಎಂಬ ತನ್ನ ಡಾವು ಹಾಕಿ ಲೆಸ್ನರ್ ಅಂಡರ್‌ಟೇಕರ್ ಮೇಲೆ ಬಿದ್ದ. ರೆಫ್ರಿ ಮೂರು ಎಣಿಸಿದ. ಅಲ್ಲಿ ಕೂತ ಜನ ಕೂಗಲೂ ಇಲ್ಲ, ಬೈಯಲೂ ಇಲ್ಲ. ಕನ್ನಡಕದ ಒಬ್ಬ ಹುಡುಗ ಬಾಯಿ ತೆರೆದು ಕಣ್ಣು ಅಗಲಿಸಿ ನಿಂತಿದ್ದನ್ನು ಕ್ಯಾಮೆರಾ ತೋರಿಸಿತು. ಪರದೆ ಮೇಲೆ 21-1 ಅಂತ ಬಂತು. ನಾನು ಬ್ಯಾಗ್ ಹೆಗಲಿಗೆ ಹಾಕಿಕೊಂಡು ನಿಂತೇ ನೋಡಿದ್ದು. ಆಫೀಸಿಗೆ ಲೇಟಾಯಿತು, ಕಾರಣ ಏನಂತ ಬರೆಯಲಿ? "ಮನೆಯಲ್ಲಿ ಸಾವು" ಅಂತ ಬರೆದೆ.

ಕರದಂಟು (ಗೋಕಾಕ)
ಖಲಿ ಬಗ್ಗೆ ಯಾಕೆ ಯಾರೂ ಮಾತಾಡುತ್ತಿಲ್ಲ? 2006ರ ಮೇ ತಿಂಗಳಲ್ಲಿ ನಮ್ಮ ಹಿಮಾಚಲದ ದಲೀಪ್ ಸಿಂಗ್ ರಾಣಾ, ಅದೇ ಖಲಿ, ಅಂಡರ್‌ಟೇಕರ್ ಎದೆ ಮೇಲೆ ಒಂದೇ ಕಾಲಿಟ್ಟು ಗೆದ್ದ. ನಮ್ಮವನು!

ಹಳೇ_ಕೇಬಲ್ (ಬೆಳಗಾವಿ)
ಆ ದಿನ ಯಾರ ಕಡೆ ಇರಬೇಕು ಅಂತಲೇ ತಿಳಿಯಲಿಲ್ಲ. ದೇಶ ಒಂದು ಕಡೆ, ಅಂಡರ್‌ಟೇಕರ್ ಒಂದು ಕಡೆ. ನಾನು ಚಹಾ ಕುಡಿಯಲು ಎದ್ದು ಹೋದೆ.

ಜೋಳದ_ರೊಟ್ಟಿ (ಸಿಂದಗಿ)
ನನ್ನದೂ ಒಂದು ಕೇಳಿ. ಎಂಟನೇ ಕ್ಲಾಸು. ಕಣಿಕೆ ಬಣವೆ ಮೇಲೆ ನಿಂತು ಚಿಕ್ಕಪ್ಪನ ಮಗನ ಕುತ್ತಿಗೆ ಹಿಡಿದು ಚೋಕ್‌ಸ್ಲ್ಯಾಮ್ ಹಾಕಿದೆ. ಅವನು ಬಣವೆ ಮೇಲೆ ಬೀಳಬೇಕಿತ್ತು. ಬಣವೆ ದಾಟಿ ಬಂಡಿಯ ನೊಗದ ಮೇಲೆ ಬಿದ್ದ. ಭುಜದ ಎಲುಬು ಮುರಿಯಿತು. ಕಾಕಾ ನನ್ನನ್ನು ಹುಡುಕಿಕೊಂಡು ಬಂದಾಗ ನಾನು ಜೋಳದ ಹೊಲದಲ್ಲಿ ಅಡಗಿ ಕೂತಿದ್ದೆ. ಸಿಕ್ಕಿದೆ. ಆಮೇಲೆ ಆಗಿದ್ದು ಸ್ಕ್ರಿಪ್ಟ್ ಅಲ್ಲ, ಪೂರ್ತಿ ನಿಕಾಲಿ.

ಆ ತಮ್ಮ ಈಗ ಪಿಎಸ್‌ಐ. ಮನೆಯ ಪ್ರತಿ ಮದುವೆಯಲ್ಲೂ ಭುಜ ತೋರಿಸಿ ಈ ಕಥೆ ಹೇಳುತ್ತಾನೆ.

ಕೆಂಪುಮಣ್ಣು (ಬೆಳಗಾವಿ ತಾಲ್ಲೂಕು)
ನಿನ್ನೆ ರಾತ್ರಿ ಮಗಳ ಕೈಲಿ ಹಾಕಿಸಿ ಅಂಡರ್‌ಟೇಕರ್‌ನ ಒಂದೆರಡು ಪಂದ್ಯ ನೋಡಿದೆ. 1998ರ ಜೂನ್‌ನದು, ಪಿಟ್ಸ್‌ಬರ್ಗ್‌ನಲ್ಲಿ ಆದದ್ದು. ಬಲೆಯ ಪಂಜರ, ಸುಮಾರು 16 ಅಡಿ ಎತ್ತರ. ಅದರ ತುದಿಯಿಂದ ಮಿಕ್ ಫೋಲಿ ಎಂಬವನನ್ನು ಇವನು ಕೆಳಗಿನ ಮೇಜಿನ ಮೇಲೆ ದೂಡುತ್ತಾನೆ. ಅವನು ಮತ್ತೆ ಹತ್ತಿ ಬರುತ್ತಾನೆ. ಈ ಸಲ ಪಂಜರದ ಮಾಡೇ ಕಿತ್ತು ಒಳಗೆ ಬೀಳುತ್ತಾನೆ. ಹಲ್ಲು ಮುರಿದು ಮೂಗಿನಲ್ಲಿ ಸಿಕ್ಕಿಕೊಂಡಿತ್ತಂತೆ. ಇವನದೂ ಕಾಲು ಮುರಿದಿತ್ತು, ಹಾಗೇ ಆಡಿದ ಅಂತ ಮಗಳು ಓದಿ ಹೇಳಿದಳು.

ಯಾರು ಗೆಲ್ಲಬೇಕು ಅಂತ ಬರೆಯಬಹುದು. ಬೀಳುವುದನ್ನು ಹೇಗೆ ಬರೆಯುತ್ತಾರೆ? ನೆಲ ನೆಲವೇ.

ನಾನು ಗಮನಿಸಿದ್ದು ಇನ್ನೊಂದು. ಆ ಟೂಂಬ್‌ಸ್ಟೋನ್ ಡಾವು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಎದುರಿನವನನ್ನು ತಲೆಕೆಳಗು ಮಾಡಿ ಎದೆಗೆ ಅಪ್ಪಿ ಹಿಡಿದು ಮೊಣಕಾಲ ಮೇಲೆ ಕೂರುತ್ತಾನೆ. ತಲೆ ನೆಲಕ್ಕೆ ಹತ್ತುವುದೇ ಇಲ್ಲ, ತೊಡೆ ನಡುವೆ ನಾಲ್ಕು ಬೆರಳು ಮೇಲೆ ಇರುತ್ತದೆ. ಪೆಟ್ಟು ಹಾಕಿದವನ ಮೊಣಕಾಲಿಗೇ ಬೀಳುತ್ತದೆ. ರಿಂಗಿನ ಕೆಳಗೆ ಇರುವುದು ಹಲಗೆ, ಕಬ್ಬಿಣ. ಮೇಲೊಂದು ತೆಳ್ಳಗಿನ ಫೋಮು, ಕ್ಯಾನ್ವಾಸು. ನಮ್ಮ ಮಣ್ಣಿನಷ್ಟೂ ಮೆತ್ತಗಿಲ್ಲ. ಇದನ್ನು ಅವನು 30 ವರ್ಷ ಮಾಡಿದ್ದಾನೆ. ನಮ್ಮ ವಸ್ತಾದರು ಜೋಡಿಗೆ ಬಿಡುವ ಮೊದಲು ಹೇಳುತ್ತಿದ್ದ ಮಾತು: "ಎದುರಿನವನನ್ನು ಎತ್ತಿದ ಮೇಲೆ ಅವನ ಕುತ್ತಿಗೆ ನಿನ್ನ ಜವಾಬ್ದಾರಿ." ಇವನಿಗೆ ಅದು ಗೊತ್ತಿತ್ತು.

ಕುಸ್ತಿ ಅನ್ನಲ್ಲ. ಪೈಲ್ವಾನ ಅಂತೇನೆ, ಸಾಕಾ?

ಸಾರಥಿ (ಮುಧೋಳ)
ಸಾಕು ಪೈಲ್ವಾನರೇ, ಜಾಸ್ತಿಯೇ ಆಯಿತು. ಜಾತ್ರೆಯಲ್ಲಿ ಎರಡೂ ಕಡೆ ಗೊತ್ತು ಮಾಡಿಕೊಂಡು ಜೋಡ ಬಿಡಿಸುವ ಕುಸ್ತಿ ನಡೆಯುವುದೇ ಇಲ್ಲ ಅಂತ ಮಾತ್ರ ಹೇಳಬೇಡಿ.

ಕೆಂಪುಮಣ್ಣು (ಬೆಳಗಾವಿ ತಾಲ್ಲೂಕು)
ಅದಕ್ಕೆ ನೂರಾ ಕುಸ್ತಿ ಅಂತಾರೆ. ನಡೆಯುತ್ತವೆ. ಜನಕ್ಕೆ ಗೊತ್ತಾದರೆ ಕಣದೊಳಗೇ ಬರುತ್ತಾರೆ. ಒಮ್ಮೆ ನಾನೂ ಓಡಿದ್ದೇನೆ, ಎಲ್ಲಿ ಯಾವಾಗ ಅಂತ ಕೇಳಬೇಡಿ.

ನಿವೃತ್ತ_ಮಾಸ್ತರ (ವಿಜಯಪುರ)
ಕೇಳುತ್ತೇವೆ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಗೆ ಬನ್ನಿ. ಸಂಗ್ರಾಣಿ ಕಲ್ಲು ಎತ್ತುವುದನ್ನು ನೋಡುತ್ತಾ ಕೇಳುತ್ತೇವೆ.

ಸೀನಾ_ಫ್ಯಾನ್ (ನಿಪ್ಪಾಣಿ)
ಕೊನೆ ಪಂದ್ಯ ಯಾವುದು ಅಂಕಲ್?

ಹಳೇ_ಕೇಬಲ್ (ಬೆಳಗಾವಿ)
2020, ಎ.ಜೆ. ಸ್ಟೈಲ್ಸ್ ಜೊತೆ. ಕೊರೊನಾ ಕಾಲ, ಪ್ರೇಕ್ಷಕರೇ ಇಲ್ಲ. ಸ್ಮಶಾನದ ಸೆಟ್ ಹಾಕಿ ಸಿನಿಮಾ ಥರ ಶೂಟ್ ಮಾಡಿದರು. ಕೊನೆಗೆ ಎದುರಿನವನನ್ನೇ ಹೂತು ಗಾಡಿ ಹತ್ತಿ ಹೋದ. ಅದೇ ವರ್ಷ ನವೆಂಬರ್ 22ಕ್ಕೆ, ಬಂದು ಸರಿಯಾಗಿ 30 ವರ್ಷಕ್ಕೆ, ಟೋಪಿ ಕೋಟು ಹಾಕಿ ವಿದಾಯ ಹೇಳಿದ. 2022ರಲ್ಲಿ ಹಾಲ್ ಆಫ್ ಫೇಮ್. ಅಲ್ಲಿ ಮೈಕ್ ಮುಂದೆ ಅಷ್ಟು ಹೊತ್ತು ಮಾತಾಡಿದ. ಅಳುತ್ತಲೂ ಇದ್ದ. ನನಗೆ ನೋಡಲು ಒಂಥರಾ ಆಯಿತು. ನಮ್ಮ ಹೆಡ್‌ಮಾಸ್ತರರನ್ನು ಲುಂಗಿಯಲ್ಲಿ ನೋಡಿದ ಹಾಗೆ.

ಮುಳುಗಡೆ_ಮಂದಿ (ಬಾಗಲಕೋಟೆ)
ಎಲ್ಲರಿಗೂ ಧನ್ಯವಾದ. ಐದು ಸಾವಿನ ಲೆಕ್ಕ ಮಗನಿಗೆ ಒಪ್ಪಿಸಿದೆ. "ಹಂಗಾದರೆ ನೀನು ಎರಡು ಸುಳ್ಳು ಹೇಳಿದೆ" ಎಂದ. ಈಗ ದಿನಾ ರಾತ್ರಿ ಕಾರ್ಡ್ ಆಡುತ್ತೇವೆ. ಎತ್ತರ ಕೇಳಿದರೆ ಗೊಂಜಾಲೆಸ್, ತೂಕ ಕೇಳಿದರೆ ಯೊಕೊಜುನಾ. ಅವನು ಮೂರೇ ದಿನದಲ್ಲಿ ಎಲ್ಲಾ ಬಾಯಿಪಾಠ ಮಾಡಿ ನನ್ನನ್ನು ಸೋಲಿಸುತ್ತಿದ್ದಾನೆ. ಆದರೂ ಅಂಡರ್‌ಟೇಕರ್ ಇಲ್ಲದ ಡಬ್ಬಿ, ಉಪ್ಪಿಲ್ಲದ ಪಲ್ಯ. ಯಾರ ಹತ್ತಿರವಾದರೂ ಇದೆಯಾ?

ಇಳಕಲ್_ಅಕ್ಕ (ಇಳಕಲ್)
ನನ್ನ ಹತ್ತಿರ ಎರಡು ಇವೆ. ಅಣ್ಣಂದಿರು ನನ್ನನ್ನು ಆಟಕ್ಕೆ ಸೇರಿಸುತ್ತಿರಲಿಲ್ಲ. ಅವರು ಮಲಗಿದ ಮೇಲೆ ಇಬ್ಬರ ಡಬ್ಬಿಯಿಂದಲೂ ಒಂದೊಂದು ಅಂಡರ್‌ಟೇಕರ್ ತೆಗೆದು ಭೂಗೋಳ ಪುಸ್ತಕದಲ್ಲಿ ಇಟ್ಟೆ. ಇಬ್ಬರೂ ಒಬ್ಬರ ಮೇಲೊಬ್ಬರು ಅನುಮಾನಪಟ್ಟು ಒಂದು ತಿಂಗಳು ಮಾತು ಬಿಟ್ಟಿದ್ದರು. ಇಂದಿಗೂ ಗೊತ್ತಿಲ್ಲ. ಅವರು ಈ ಕಡೆ ಬರುವವರಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಒಂದು ಕೊಡುತ್ತೇನೆ. ಬದಲಿಗೆ ಏನು ಕೊಡುತ್ತೀರಿ?

ಮುಳುಗಡೆ_ಮಂದಿ (ಬಾಗಲಕೋಟೆ)
ಅಕ್ಕಾರೇ, ಗೊಂಜಾಲೆಸ್ ಕೊಡುತ್ತೇನೆ.

ಇಳಕಲ್_ಅಕ್ಕ (ಇಳಕಲ್)
ಇಲಿ ತಿಂದಿದ್ದು ಬೇಡ. ಬ್ರೆಟ್ ಹಾರ್ಟ್.

ಮುಳುಗಡೆ_ಮಂದಿ (ಬಾಗಲಕೋಟೆ)
ಮಗ ಬ್ರೆಟ್ ಹಾರ್ಟ್ ಬಿಡಲ್ಲ ಅಂತಾನೆ. ಒಂದು ಯೊಕೊಜುನಾ, ಮೇಲೆ ಅರ್ಧ ಕಿಲೋ ಕರದಂಟು ಕೊಡೋಣ ಅಂತಿದ್ದಾನೆ.

ಕರದಂಟು (ಗೋಕಾಕ)
ನನ್ನನ್ನು ಯಾಕೆ ಎಳೆಯುತ್ತೀರಿ.

ಇಳಕಲ್_ಅಕ್ಕ (ಇಳಕಲ್)
ಆಗಲಿ. ಭಾನುವಾರ ಬಾಗಲಕೋಟೆಗೆ ಬರುವುದಿದೆ. ನವನಗರ ಬಸ್ ಸ್ಟ್ಯಾಂಡ್, 11 ಗಂಟೆ. ಮಗನನ್ನು ಕರೆದುಕೊಂಡು ಬನ್ನಿ, ಲೆಕ್ಕ ಅವನ ಜೊತೆಗೇ ಮಾಡುತ್ತೇನೆ. ನೀವು ಐದಕ್ಕೆ ಏಳು ಅನ್ನುವವರು.